ಮೂರು ಮಾರು ನೀರಿನಡಿ

ಆ ವಸ್ತುವನ್ನು ನಾನು ಈವರೆಗೆ ನೋಡಿಲ್ಲ. ನಮ್ಮಲ್ಲಿ ಯಾರೂ ನೋಡಿಲ್ಲ. ಹಗ್ಗದ ತುದಿಗೆ ಕಟ್ಟಿದ ಸೀಸದ ಗುಂಡಿನಿಂದ ಮುಟ್ಟಿದ್ದೇವೆ, ಅಷ್ಟೆ. ಎಷ್ಟು ಸಲ ಮುಟ್ಟಿದೆವು, ಎಷ್ಟು ಗಂಟೆಗೆ ಮುಟ್ಟಿದೆವು, ಆಗ ನೀರು ಏರುತ್ತಿತ್ತೋ ಇಳಿಯುತ್ತಿತ್ತೋ ಎಲ್ಲವೂ ನನ್ನ ಪುಸ್ತಕದಲ್ಲಿದೆ. ಬರೆಯದೆ ಬಿಟ್ಟದ್ದು ಒಂದೇ ಸಂಗತಿ. ಕುಂದಾಪುರದಲ್ಲಿ ಇಪ್ಪತ್ತೆಂಟು ವರ್ಷ ಪತ್ರಿಕೆಗೆ ವರದಿ ಮಾಡಿದವನು ಅದನ್ನು ಬಿಡಬಾರದಿತ್ತು.

ನನ್ನ ಅಕ್ಕನ ಗಂಡ, ಗಂಗೊಳ್ಳಿಯಿಂದ ಉತ್ತರಕ್ಕೆ ಹೋದರೆ ಸಿಗುವ ಒಂದು ಸಣ್ಣ ತೀರದಲ್ಲಿ ಕೈರಂಪಣಿ ತಂಡದ ಯಜಮಾನ. ಕೈರಂಪಣಿಗೆ ದೊಡ್ಡ ಬೋಟು ಬೇಡ, ಎಂಜಿನ್ ಬೇಡ. ದೋಣಿಯಲ್ಲಿ ಬಲೆ ಒಯ್ದು ಕಡಲಲ್ಲಿ ಅರ್ಧಚಂದ್ರದ ಹಾಗೆ ಬಿಟ್ಟು ಬರುತ್ತಾರೆ. ಎರಡು ತುದಿಯ ಹಗ್ಗ ಹಿಡಿದು ದಡದಲ್ಲಿ ಎರಡು ಸಾಲು ಜನ ಹಿಂದಕ್ಕೆ ನಡೆಯುತ್ತ ಎಳೆಯುತ್ತಾರೆ. ಬಲೆಯ ಮೇಲಂಚಿಗೆ ತೇಲುವ ಬೆಂಡು, ಕೆಳಂಚಿಗೆ ಭಾರ. ಆ ಕೆಳಂಚು ನೆಲ ಸವರಿಕೊಂಡು ಬಂದರೆ ಮಾತ್ರ ಮೀನು ಒಳಗೆ ಉಳಿಯುತ್ತದೆ. ಆದ್ದರಿಂದ ನೆಲದಲ್ಲಿ ಮರಳು, ನಮ್ಮ ಮಾತಿನಲ್ಲಿ ಹೊಯಿಗೆ, ಬಿಟ್ಟು ಬೇರೇನೂ ಇರಬಾರದು.

ಆ ವರ್ಷ ಮಳೆ ಮುಗಿದು ಬಲೆ ಇಳಿಸಿದ ಮೊದಲ ವಾರದಲ್ಲೇ ಬಲೆ ಎಲ್ಲೋ ಸಿಕ್ಕಿಕೊಂಡಿತು. ಎಳೆದರೆ ಬರಲಿಲ್ಲ, ಆಮೇಲೆ ಒಮ್ಮೆಲೇ ಬಂತು. ಬಂದಾಗ ನಡುವೆ ಒಬ್ಬ ಮನುಷ್ಯ ನುಸುಳುವಷ್ಟು ದೊಡ್ಡ ತೂತು. ಎಂಟು ದಿನ ಕೂತು ಹೊಲಿದರು. ಮತ್ತೆ ಬಿಟ್ಟಾಗ ಮತ್ತೆ ಅಲ್ಲೇ. ಮೂರನೆಯ ಸಲ ಬಲೆಯನ್ನು ತೆಂಕಣಕ್ಕೆ ಸರಿಸಿ ಬಿಟ್ಟರು, ಆಗಲೂ ಅದು ತಪ್ಪಲಿಲ್ಲ. ಜಾಗ ಎಲ್ಲಿ ಎಂದು ಗುರುತಿಸುವುದು ಕಷ್ಟವಾಗಲಿಲ್ಲ: ದೋಣಿಯಲ್ಲಿ ನಿಂತು ನೋಡಿದಾಗ ಮೊಬೈಲ್ ಟವರ್ ಮತ್ತು ಐಸ್ ಪ್ಲಾಂಟಿನ ನೀರಿನ ಟ್ಯಾಂಕಿ ಒಂದರ ಹಿಂದೊಂದು ಬರುವ ಕಡೆ, ಅಲೆ ಒಡೆಯುವ ಗೆರೆಯಿಂದ ಸ್ವಲ್ಪ ಆಚೆ. ಆಳ ಹೆಚ್ಚಿಲ್ಲ, ಸುಮಾರು ಮೂರು ಮಾರು.

ಅಷ್ಟು ಕಡಿಮೆ ನೀರಾದರೆ ಮುಳುಗಿ ನೋಡಬಾರದೇ ಎಂದು ಕೇಳಿದವರು ಬಹಳ. ಮುಳುಗಿದ್ದರು. ಆ ಜಾಗದಲ್ಲಿ ನೀರು ಸದಾ ಕಲಕಿಕೊಂಡೇ ಇರುತ್ತದೆ, ಮುಖದ ಮುಂದೆ ಹಿಡಿದ ಕೈ ಕಾಣುವುದಿಲ್ಲ. ತಂಡದ ಇಬ್ಬರು ಇಳಿದು, ಚಿಪ್ಪು ಕೊಯ್ದ ಮೊಣಕಾಲಿನೊಂದಿಗೆ ಮೇಲೆ ಬಂದರು, ಕಲ್ಲೋ ಕಬ್ಬಿಣವೋ ಎಂದು ಅವರಿಗೂ ತಿಳಿಯಲಿಲ್ಲ. ಗಂಗೊಳ್ಳಿಯ ದೊಡ್ಡ ಬೋಟುಗಳಲ್ಲಿ ನೆಲ ತೋರಿಸುವ ಯಂತ್ರ ಇದೆ. ಆದರೆ ಅಲೆ ಒಡೆಯುವ ಜಾಗದ ಅಷ್ಟು ಹತ್ತಿರಕ್ಕೆ ಬೋಟು ತರಲು ಯಾವ ತಾಂಡೇಲನೂ ಒಪ್ಪಲಿಲ್ಲ. ಬೋಟು ನಡೆಸುವವರು ಅವರು, ಅವರ ಹೆದರಿಕೆ ಸುಳ್ಳಲ್ಲ.

ಅದು ಏನಿರಬಹುದು ಎಂಬ ಬಗ್ಗೆ ತೀರದಲ್ಲಿ ಎರಡು ಅಭಿಪ್ರಾಯ ಇತ್ತು. ಎಲ್ಲೋ ಮುಳುಗಿದ ಬೋಟೊಂದು ಮಳೆಗಾಲದ ಸೆಳೆತಕ್ಕೆ ಉರುಳಿ ಇಲ್ಲಿಗೆ ಬಂದಿದೆ ಎಂಬುದು ಒಂದು. ಕಡಲ್ಕೊರೆತ ತಡೆಯಲು ಹಾಕಿದ ಬಂಡೆಕಲ್ಲುಗಳು ಜಾರಿ ಹೋಗಿ ಅಲ್ಲಿ ಕೂತಿವೆ ಎಂಬುದು ಇನ್ನೊಂದು. ಇದು ಬರೀ ಹರಟೆಯ ವಿಷಯವಾಗಿರಲಿಲ್ಲ. ಬೋಟಾದರೆ ಮೀನುಗಾರಿಕೆ ಇಲಾಖೆ ಎಳೆಸಿ ತೆಗೆಸಬಹುದು, ಹಾಗೆ ತೆಗೆಸಿದ್ದನ್ನು ನಾನೇ ವರದಿ ಮಾಡಿದ್ದೆ. ಕಲ್ಲನ್ನು ಕಡಲಿನಿಂದ ತೆಗೆಸಿದ್ದು ಮಾತ್ರ ನಾನು ಕೇಳಿರಲಿಲ್ಲ. ತೀರದ ಉಳಿದ ಭಾಗಕ್ಕೆಲ್ಲ ಆಗಲೇ ಕಲ್ಲಿನ ಗೋಡೆ ಬಂದಿದ್ದರಿಂದ ಬಲೆ ಎಳೆಯಲು ಬೇರೆ ಜಾಗವೂ ಇರಲಿಲ್ಲ. ತಂಡದಲ್ಲಿ ಇಪ್ಪತ್ತಾರು ಜನ. ಬಲೆ ಮೂರನೆಯ ಸಲ ಹರಿದ ದಿನ ಅವರು ಹೊಯಿಗೆಯ ಮೇಲೆ ಕೂತು, ಯಾರೂ ದನಿ ಏರಿಸದೆ, ಭಾವನಿಗೆ ಒಂದು ಮಾತು ಹೇಳಿದರು: ದೀಪಾವಳಿಯವರೆಗೆ ಕಾಯುತ್ತೇವೆ, ಅಷ್ಟರಲ್ಲಿ ದಾರಿ ಕಾಣದಿದ್ದರೆ ಒಬ್ಬೊಬ್ಬರು ಒಂದೊಂದು ಬೋಟು ನೋಡಿಕೊಳ್ಳುತ್ತೇವೆ. ಭಾವ ಆ ಬಲೆಯ ಹಗ್ಗ ಹಿಡಿದದ್ದು ಮದುವೆಗೂ ಮೊದಲು. ಅಕ್ಕ ನನಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದಳು. ನನಗೆ ಕಚೇರಿಗಳ ಬಾಗಿಲು ಗೊತ್ತು, ಹಾಗಾಗಿ ಆ ಕೆಲಸ ನನಗೆ ಬಂತು.

ಬೈಂದೂರಿನಲ್ಲಿ ಇಲಾಖೆಯ ಕಚೇರಿಗೆ ಹೋದೆ. ಅಲ್ಲಿನವರು ಕುಂದಾಪುರಕ್ಕೆ ಕಳಿಸಿದರು. ಕುಂದಾಪುರದವರು ನಕ್ಷೆ ಬಿಡಿಸಿ, ತೀರ ಯಾವ ತಾಲೂಕಿನದೆಂದು ಬೆರಳಿಟ್ಟು ಹುಡುಕಿ, ಪುನಃ ಬೈಂದೂರಿಗೆ ಕಳಿಸಿದರು. ಎರಡನೆಯ ಸಲ ಹೋದಾಗ ಒಂದು ಅರ್ಜಿ ನಮೂನೆ ಸಿಕ್ಕಿತು. ಅದರಲ್ಲಿ ಆರನೆಯ ಕಾಲಂ: ಅಡಚಣೆಯಾಗಿರುವ ವಸ್ತುವಿನ ಸ್ವರೂಪ, ಅಳತೆ ಮತ್ತು ಆಕಾರ. ಅದು ಗೊತ್ತಿಲ್ಲದ್ದರಿಂದಲೇ ಬಂದದ್ದು, ನಿಮ್ಮವರು ಮುಳುಗುಗಾರರನ್ನು ಕಳಿಸಿದರೆ ಗೊತ್ತಾಗುತ್ತದೆ ಎಂದೆ. ಮೇಜಿನ ಆಚೆಗಿದ್ದವರು ಸೌಜನ್ಯದವರೇ. "ನಾವು ಕಳಿಸಬೇಕಾದರೆ ಏನು ಅಂತ ಮೊದಲು ಗೊತ್ತಿರಬೇಕಲ್ಲ ಸಾರ್. ಒಂದು ಸ್ಕೆಚ್ ಆದರೂ ಇಟ್ಟು ಕೊಡಿ," ಎಂದರು.

ಆರನೆಯ ಕಾಲಂ ಖಾಲಿ ಬಿಟ್ಟರೆ ಅರ್ಜಿ ಆಚೆಗೆ ಹೋಗುವುದಿಲ್ಲ ಎಂದು ತಿಳಿಯಲು ನನಗೆ ಇನ್ನೂ ಎರಡು ಭೇಟಿ ಬೇಕಾಯಿತು.

ಬ್ರಹ್ಮಾವರದಲ್ಲಿ ಬಂದರು ಕೆಲಸದಿಂದ ನಿವೃತ್ತರಾದ ಸರ್ವೆಯವರೊಬ್ಬರು ಇದ್ದಾರೆ. ಹಿಂದೆ ಸೇತುವೆಯೊಂದರ ಸುದ್ದಿಗಾಗಿ ಅವರನ್ನು ಕಂಡಿದ್ದೆ. ಅವರಲ್ಲಿ ಹೋಗಿ ವಿಷಯ ಹೇಳಿದೆ. ಯಂತ್ರ ಇಲ್ಲದ ಕಾಲದಲ್ಲಿ ನದಿಯ ತಳವನ್ನು ಹೇಗೆ ಬರೆಯುತ್ತಿದ್ದರೋ ಹಾಗೆಯೇ ಮಾಡಬಹುದು ಎಂದರು. ಜಾಗದ ಮೇಲೆ ಹಗ್ಗದ ಚೌಕಟ್ಟು ಕಟ್ಟುವುದು. ಹಗ್ಗದಲ್ಲಿ ಸಮ ಅಂತರಕ್ಕೆ ಗಂಟು. ಪ್ರತಿ ಗಂಟಿನಲ್ಲೂ ಗುಂಡು ಇಳಿಸಿ ಆಳ ಬರೆಯುವುದು. ದಡದ ಹತ್ತಿರ ಒಂದು ಗಳ ನೆಟ್ಟು ನೀರಿನ ಏರಿಳಿತ ಬರೆದು, ಆಮೇಲೆ ಕಳೆದು ಕೂಡಿಸಿಕೊಳ್ಳುವುದು. ಸಮ ಆಳದ ಬಿಂದುಗಳನ್ನು ಗೆರೆಯಿಂದ ಸೇರಿಸಿದರೆ ಆಕಾರ ತಾನಾಗಿ ಎದ್ದು ಕಾಣುತ್ತದೆ. ಹೊರಡುವಾಗ ಇನ್ನೊಂದು ಮಾತು ಹೇಳಿದರು: ಗುಂಡಿನ ಹಗ್ಗಕ್ಕೆ ಮೀಟರಿನ ಲೆಕ್ಕದಲ್ಲಿ ಬಣ್ಣದ ಬಟ್ಟೆ ಕಟ್ಟಿಕೊಳ್ಳಿ.

ಬಟ್ಟೆಯ ಮಾತನ್ನು ಭಾವ ಒಪ್ಪಲಿಲ್ಲ. ನಮ್ಮ ಕಡಲಿನವರು ಹಗ್ಗವನ್ನು ಮೇಲೆಳೆಯುತ್ತಲೇ ಅಳೆಯುತ್ತಾರೆ. ಎರಡೂ ಕೈ ಚಾಚಿದರೆ ಒಂದು ಮಾರು. ಮತ್ತೆ ಹಿಡಿದು ಚಾಚಿದರೆ ಎರಡು. ಉಳಿದದ್ದು ಮೊಳದಲ್ಲಿ, ಗೇಣಿನಲ್ಲಿ; ನಾಲ್ಕು ಮೊಳಕ್ಕೆ ಒಂದು ಮಾರು. ಬಲೆ ನೇಯುವುದು, ಹಗ್ಗ ಕೊಳ್ಳುವುದು, ಲಂಗರು ಬಿಡುವುದು ಎಲ್ಲ ಇದರಲ್ಲೇ.

"ನಲ್ವತ್ತ್ ವರ್ಷ ಈ ಕೈಲೇ ಅಳ್ದದ್ದ್ ಭಾವಯ್ಯ," ಎಂದು ನನಗೆ ಹೇಳಿದ. "ಬಟ್ಟಿ ಕಟ್ಟಿರೆ ಎಂತ ಆತ್ತ್? ಹಗ್ಗ ನೀರಗೆ ಎಳ್ದ್ ಉದ್ದ ಆತ್ತ್. ಕೈ ಉದ್ದ ಆತ್ತಾ?"

ನನಗೂ ಅದು ಸರಿ ಎನಿಸಿತು. ನೈಲಾನ್ ಹಗ್ಗ ಎಳೆದರೆ ಹಿಗ್ಗುತ್ತದೆ ಎಂಬುದು ನಿಜ. ಭಾವನ ಕೈ ಅಳತೆ ತಪ್ಪಿದ್ದನ್ನು ನಾನು ನೋಡಿರಲಿಲ್ಲ ಎಂಬುದೂ ನಿಜ.

ಗುಂಡಿನ ಅಡಿಗೆ ಏನಾದರೂ ಅಂಟಿಸಬೇಕೆಂಬುದು ಅಕ್ಕನ ಸಲಹೆ. ಹಲಸಿನ ಕಾಲದಲ್ಲಿ ಕೋಲಿಗೆ ಸುತ್ತಿಟ್ಟ ಮೇಣ ಅವಳ ಅಡುಗೆಮನೆಯ ಮಾಡಿನಲ್ಲಿ ಸಿಕ್ಕಿಸಿತ್ತು. ಬೆಂಕಿಗೆ ಹಿಡಿದು ಮೆತ್ತಗೆ ಮಾಡಿ ಗುಂಡಿನ ಅಡಿಗೆ ಮೆತ್ತಿದಳು. ಇಳಿಸಿದಲ್ಲಿ ಹೊಯಿಗೆ ಇದ್ದರೆ ಹೊಯಿಗೆ ಅಂಟಿ ಬರುತ್ತದೆ, ಗಟ್ಟಿ ವಸ್ತು ಇದ್ದರೆ ಅದರ ಗುರುತು ಬೀಳುತ್ತದೆ.

ಚೌಕಟ್ಟಿನಲ್ಲಿ ಹದಿನಾಲ್ಕು ಸಾಲು, ಸಾಲಿಗೆ ಎಂಟು ಗಂಟು. ಒಟ್ಟು ನೂರಾ ಹನ್ನೆರಡು ಕಡೆ ಮುಟ್ಟಬೇಕು. ಗಂಟುಗಳನ್ನೆಲ್ಲ ಭಾವ ದಡದಲ್ಲೇ ಕೂತು ಹಾಕಿದ. ಮೊದಲ ಭಾನುವಾರ ಕಡಲು ಶಾಂತವಾಗಿತ್ತು. ದೋಣಿಯಲ್ಲಿ ಮೂವರು: ಹುಟ್ಟು ಹಾಕಲು ತಂಡದ ಇನ್ನೊಬ್ಬ, ಗುಂಡು ಇಳಿಸಲು ಭಾವ, ಬರೆಯಲು ನಾನು. ಬಡಗಿನ ಅಂಚಿನಿಂದ ಶುರು ಮಾಡಿ ಏಳು ಸಾಲು ಮುಗಿಸುವಷ್ಟರಲ್ಲಿ ಗಾಳಿ ಎದ್ದಿತು. ಮುಟ್ಟಿದ ಪ್ರತಿ ಕಡೆಯಲ್ಲೂ ಭಾವ ಆಳವನ್ನು ಹೇಳುವ ಮೊದಲು ಹಗ್ಗವನ್ನು ಎರಡು ಸಲ ಮೆಲ್ಲಗೆ ಕುಕ್ಕಿ ನೋಡುತ್ತಿದ್ದ. ಹೊಯಿಗೆಯಾದರೆ ಕೈಗೆ ಏನೂ ತಿಳಿಯುವುದಿಲ್ಲವಂತೆ, ಗಟ್ಟಿಯಾದರೆ ಹಗ್ಗ ಬೆರಳಲ್ಲಿ ನಡುಗುತ್ತದಂತೆ. ನನ್ನ ಕೈಗೂ ಹಗ್ಗ ಕೊಟ್ಟ. ನನಗೆ ಎರಡೂ ಒಂದೇ ತರ ಇತ್ತು.

ಮಧ್ಯಾಹ್ನ ಮನೆಗೆ ಬಂದಾಗ ಅಕ್ಕ ಮೀನಿನ ಬುಟ್ಟಿ ತೊಳೆಯುತ್ತಿದ್ದಳು. "ಕಡ್ಲಿಗೆ ಇಂಜೆಕ್ಷನ್ ಕೊಟ್ಟಾಯ್ತಾ ಇಬ್ರದ್ದೂ?" ಎಂದು ಕೇಳಿದಳು.

ಉಳಿದ ಏಳು ಸಾಲು ಮುಂದಿನ ಭಾನುವಾರ. ಅಷ್ಟರಲ್ಲಿ ಮೀನಿನ ಮುಳ್ಳು ಚುಚ್ಚಿ ಭಾವನ ಅಂಗೈ ಬಾತಿತ್ತು, ಹಗ್ಗ ಹಿಡಿಯಲು ಆಗುತ್ತಿರಲಿಲ್ಲ. ಅವನು ದಡದಲ್ಲಿ ಗಳದ ಹತ್ತಿರ ನಿಂತ. ಗುಂಡು ಇಳಿಸಲು ಬಂದವನು ತಂಡದಲ್ಲೇ ಎಲ್ಲರಿಗಿಂತ ಎತ್ತರದ ಮನುಷ್ಯ. ಮುಂಬಯಿಯ ಹೋಟೆಲಿನಲ್ಲಿ ಹದಿನೈದು ವರ್ಷ ಇದ್ದು ವಾಪಸ್ ಬಂದವನು. ಬಾಗಿಲಿನಲ್ಲಿ ತಲೆ ತಗ್ಗಿಸಿಯೇ ಒಳಗೆ ಬರುತ್ತಾನೆ. ಕೆಲಸದಲ್ಲಿ ಚುರುಕು. "ಬರ್ಕಣಿ ಸಾಬ್, ಎರಡ್ ಮಾರ್ ಒಂದ್ ಮೊಳ, ಏಕ್ದಂ ಬರೋಬ್ಬರ್," ಎಂದು ಹೇಳುತ್ತ ಹೋದ, ನಾನು ಬರೆಯುತ್ತ ಹೋದೆ. ಸಮಯ ಬರೆದೆ, ನೀರಿನ ಮಟ್ಟ ಬರೆದೆ, ಮೇಣಕ್ಕೆ ಅಂಟಿದ್ದು ಬರೆದೆ. ಮೂರು ಕಡೆ ಮೇಣದ ಮೇಲೆ ಕೆಂಪುಕಂದು ಬಣ್ಣ ಬಂದಿತ್ತು. ತುಕ್ಕು. ಕಬ್ಬಿಣ ಇದೆ ಎಂದಾಯಿತು.

ಆ ರಾತ್ರಿಯಲ್ಲ, ಮರುದಿನ ಕೆಲಸದ ನಡುವೆ, ಗ್ರಾಫ್ ಹಾಳೆಯ ಮೇಲೆ ಅಂಕಿಗಳನ್ನು ಇಳಿಸಿದೆ. ಸಮ ಆಳದ ಬಿಂದುಗಳನ್ನು ಪೆನ್ಸಿಲಿನಿಂದ ಸೇರಿಸಿದೆ. ಸರ್ವೆಯವರು ಹೇಳಿದ್ದು ಸುಳ್ಳಾಗಲಿಲ್ಲ, ಆಕಾರ ತಾನಾಗಿ ಎದ್ದಿತು. ಬಡಗಿನ ಅರ್ಧ ತಗ್ಗು. ತೆಂಕಣ ಅರ್ಧ ಎತ್ತರ. ಎರಡರ ನಡುವೆ ಎರಡು ಮೊಳದಷ್ಟು ಎತ್ತರದ ಒಂದು ಮೆಟ್ಟಿಲು, ಅಡ್ಡಕ್ಕೆ ನೇರವಾಗಿ, ಅಡಿಕೋಲು ಇಟ್ಟು ಎಳೆದ ಹಾಗೆ.

ಪ್ರಕೃತಿಯಲ್ಲಿ ಅಷ್ಟು ನೇರ ಗೆರೆ ಇರುವುದಿಲ್ಲ. ಹಾಳೆಯನ್ನು ಅಕ್ಕನ ಮನೆಯ ಜಗಲಿಯಲ್ಲಿ ಬಿಡಿಸಿದಾಗ ಯಾರೂ ವಿವರಿಸಿ ಹೇಳಬೇಕಾಗಲಿಲ್ಲ. ಭಾವ ಬಾತ ಕೈಯ ಬೆರಳನ್ನೇ ಇಟ್ಟು ತೋರಿಸಿದ: "ಕಾಣಿ, ಇದ್ ಕ್ಯಾಬಿನ್. ಇದ್ ಮೀನ್ ಹಾಕು ಜಾಗ." ಎತ್ತರದವನು ಫೋನಿನಲ್ಲಿ ಫೋಟೊ ತೆಗೆದು ತಂಡದ ಗುಂಪಿಗೆ ಹಾಕಿದ. ಸಂಜೆಯೊಳಗೆ ಎಲ್ಲರೂ ನೋಡಿದ್ದರು. ಗಂಗೊಳ್ಳಿಯಲ್ಲಿ ಬೋಟಿಗೆ ಮಾತಾಡಿ ಬಂದಿದ್ದ ಇಬ್ಬರು ಅದನ್ನು ಬಿಟ್ಟು, ಹರಿದ ಬಲೆ ಹೊಲಿಯಲು ಪುನಃ ಬಂದು ಕೂತರು.

ಒಂದು ವಿಷಯ ಸರಿ ಕೂರುತ್ತಿರಲಿಲ್ಲ. ವಸ್ತು ಇಲ್ಲದ ಕಡೆ, ಬರೀ ಹೊಯಿಗೆಯಲ್ಲೂ, ಅದೇ ಮೆಟ್ಟಿಲು ಮುಂದುವರಿದಿತ್ತು. ಬಡಗಿನ ಹೊಯಿಗೆ ಮೂರು ಮಾರು ಎರಡು ಮೊಳ, ತೆಂಕಣ ಹೊಯಿಗೆ ಮೂರು ಮಾರು. ಅದನ್ನು ನಾನು ಕಂಡಿದ್ದೆ. ಮುಳುಗಿದ ಬೋಟಿನ ಒಂದು ಬದಿಯಲ್ಲಿ ನೀರು ಹೊಯಿಗೆಯನ್ನು ಕೊರೆಯುತ್ತದೆ, ಇನ್ನೊಂದು ಬದಿಯಲ್ಲಿ ರಾಶಿ ಹಾಕುತ್ತದೆ ಎಂದು ನನಗೆ ನಾನೇ ವಿವರಣೆ ಕೊಟ್ಟುಕೊಂಡೆ. ಬೇರೆ ಯಾರಾದರೂ ಇಂಥ ವಿವರಣೆ ಬರೆದು ಕಳಿಸಿದ್ದರೆ, ಹೇಳಿದ್ದು ಯಾರು ಎಂದು ಅಂಚಿನಲ್ಲಿ ಬರೆದು ವಾಪಸ್ ಮಾಡುತ್ತಿದ್ದೆ.

ಆರನೆಯ ಕಾಲಮ್ಮಿನಲ್ಲಿ 'ಮುಳುಗಿದ ಬೋಟಿನ ಅವಶೇಷ ಎಂದು ತೋರುತ್ತದೆ, ನಕ್ಷೆ ಲಗತ್ತಿಸಿದೆ' ಎಂದು ಬರೆದೆ. ನಕ್ಷೆಯ ಕೆಳಗೆ ಸಹಿ ಹಾಕಿದೆ. ಬೈಂದೂರಿನಲ್ಲಿ ಅದನ್ನು ನೋಡಿದವರ ಮುಖದಲ್ಲಿ ಮೊದಲ ಬಾರಿಗೆ ಕೆಲಸ ಮಾಡುವ ಮನಸ್ಸು ಕಂಡಿತು. ಬೋಟು ಎಂದಾದರೆ ತೊಂದರೆ ಇಲ್ಲ, ಹತ್ತು ಹದಿನೈದು ದಿನದಲ್ಲಿ ಜನ ಕಳಿಸುತ್ತೇವೆ ಎಂದರು. ಸ್ವೀಕೃತಿಯ ಮೊಹರು ಬಿತ್ತು. ಭಾವನಿಗೆ ಅಲ್ಲಿಂದಲೇ ಫೋನ್ ಮಾಡಿದೆ.

ಅದೇ ವಾರ ಬ್ರಹ್ಮಾವರಕ್ಕೆ ಹೋದದ್ದು ಸರ್ವೆಯವರಿಗೆ ಉಪಕಾರ ಹೇಳಲು. ನಕ್ಷೆಯ ಪ್ರತಿ ಕೊಟ್ಟೆ. ಅವರು ಚಿತ್ರ ನೋಡಲಿಲ್ಲ, ಅಂಕಿ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಮೆಟ್ಟಿಲು ಏಳನೆಯ ಮತ್ತು ಎಂಟನೆಯ ಸಾಲಿನ ಸರಿ ನಡುವೆಯೇ ಬಂದಿದೆಯಲ್ಲ, ಒಂದು ಗಂಟು ಕೂಡ ಆಚೆ ಈಚೆ ಇಲ್ಲವಲ್ಲ ಎಂದರು. ಹೊಯಿಗೆ ಕೊರೆದ ವಿವರಣೆಯನ್ನು ನಾನು ಹೇಳಿದೆ. ಅವರು ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

"ಅಳ್ದದ್ದ್ ಯಾರ್?"

"ನಾವೇ."

"ನಾವ್ ಅಂದ್ರೆ, ಯಾರ್ ಕೈ?"

ನಾನು ಪುಸ್ತಕ ತೆರೆದೆ. ಸಮಯ ಇತ್ತು. ನೀರಿನ ಮಟ್ಟ ಇತ್ತು. ಗಾಳಿ ಎತ್ತಣಿಂದ ಎಂಬುದೂ ಇತ್ತು. ಹಗ್ಗ ಎಳೆದವರು ಯಾರು ಎಂಬುದಕ್ಕೆ ಒಂದು ಅಕ್ಷರ ಇರಲಿಲ್ಲ. ನೋಡದೆಯೂ ನನಗೆ ಗೊತ್ತಿತ್ತು: ಮೊದಲ ಏಳು ಸಾಲು ಭಾವ, ಉಳಿದ ಏಳು ಸಾಲು ಎತ್ತರದವನು.

ವಾಪಸ್ ಬರುವಾಗ ದರ್ಜಿಯವನಲ್ಲಿ ಟೇಪು ಕೇಳಿ ತಂದೆ. ಅಕ್ಕನ ಜಗಲಿಯ ಗೋಡೆಗೆ ಇಬ್ಬರನ್ನೂ ಬೆನ್ನು ಹಚ್ಚಿ ನಿಲ್ಲಿಸಿ ಕೈ ಚಾಚಿಸಿದೆ. ಯಾಕೆಂದು ಹೇಳಿರಲಿಲ್ಲ. ಅಕ್ಕ ಒಳಗಿನಿಂದ ಇಣುಕಿ, "ಎಂತ, ಇಬ್ರಿಗೂ ಹಬ್ಬಕ್ಕೆ ಅಂಗಿ ಹೊಲ್ಸುದಾ?" ಎಂದಳು. ಭಾವನ ಮಾರು ಐದು ಅಡಿ ಎರಡು ಇಂಚು. ಎತ್ತರದವನದು ಆರು ಅಡಿ. ಮೂರು ಮಾರಿಗೆ ವ್ಯತ್ಯಾಸ ಎರಡೂವರೆ ಅಡಿ. ನನ್ನ ಮೆಟ್ಟಿಲಿನ ಎರಡು ಮೊಳವೂ ಹೆಚ್ಚುಕಡಿಮೆ ಅಷ್ಟೇ: ಅದು ಬೋಟಿನದಲ್ಲ, ಇಬ್ಬರ ಕೈಯ ಅಂತರ.

ಎತ್ತರದವನು ತನ್ನ ಕೈಗಳನ್ನು ಇಳಿಸದೆ ಹಾಗೇ ನಿಂತಿದ್ದ. ಕ್ಯಾಬಿನ್ ಎಲ್ಲಿ ಹೋಯಿತು ಎಂದು ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

ಇಬ್ಬರ ಅಳತೆಯನ್ನೂ ಅಡಿಗೆ ತಿರುಗಿಸಿ ಪುನಃ ಬರೆದೆ. ಮೆಟ್ಟಿಲು ಅಳಿಸಿಹೋಯಿತು. ಉಳಿದದ್ದು ನಡುವೆ ಉಬ್ಬಿದ, ಅಂಚಿನಲ್ಲಿ ಹರಡಿದ ಒಂದು ಗುಪ್ಪೆ. ಒಂದೂ ನೇರ ಗೆರೆ ಇಲ್ಲ. ತುಕ್ಕಿನ ಬಗ್ಗೆ ಸರ್ವೆಯವರನ್ನು ಫೋನಿನಲ್ಲಿ ಕೇಳಿದೆ. ಕಲ್ಲು ಜಾರದ ಹಾಗೆ ಕೆಲವು ಕಡೆ ತಂತಿಯ ಬಲೆಯಲ್ಲಿ ಕಟ್ಟಿ ಹಾಕುತ್ತಾರೆ, ಅದರದ್ದೂ ಇರಬಹುದು ಎಂದರು. ಬೋಟು ಅಲ್ಲ ಎಂದು ಹೇಳುತ್ತೀರಾ ಎಂದರೆ, ಅದನ್ನೂ ನಾನು ಹೇಳುವುದಿಲ್ಲ ಎಂದರು.

ಅಲ್ಲಿಂದ ಮುಂದಿನದ್ದು ನನಗೂ ಭಾವನಿಗೂ ನಡುವಿನದ್ದು. ಬೈಂದೂರಿಗೆ ಹೋಗಿ ನಕ್ಷೆ ತಪ್ಪು ಎಂದು ತಿಳಿಸಬೇಕು ಎಂದೆ. ಅವನು ಬಲೆಯ ತೂತಿಗೆ ದಾರ ಹಾಕುತ್ತಿದ್ದ, ತಲೆ ಎತ್ತಲಿಲ್ಲ.

"ಅವ್ರ್ ಬರ್ಲಿ. ಬಂದ್ ಮುಳ್ಗಿ ಕಾಣ್ಲಿ. ಬೋಟ್ ಅಲ್ಲ ಅಂದ್ರೆ ಅಲ್ಲ ಅಂತ್ರ್. ನೀವ್ ಎಂತಕ್ಕೆ ಮುಂಚೆ ಹೋಯಿ ಹೇಳ್ತ್ರಿ?"

"ಕೆಳ್ಗೆ ಸೈನ್ ನಂದ್ ಭಾವ."

"ಬಲಿ ನಮ್ದ್," ಎಂದು ಹೊಲಿಯುತ್ತಿದ್ದ ಬಲೆಯನ್ನು ತೊಡೆಯ ಮೇಲೆ ಎಳೆದುಕೊಂಡ.

ಅವನ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಇವತ್ತೂ ಆಗಿಲ್ಲ. ಜನ ಬಂದು ಮುಳುಗಿದ್ದರೆ ನಿಜ ಏನೆಂದು ತಿಳಿಯುತ್ತಿತ್ತು. ನಮಗೆ ಬೇಕಾದದ್ದೂ ಅದೇ. ತಪ್ಪು ನಕ್ಷೆಯಿಂದ ಸರಿಯಾದ ಕೆಲಸ ಆಗುವುದಿತ್ತು. ಆದರೆ ತಪ್ಪೆಂದು ಗೊತ್ತಾದ ಮೇಲೂ ನನ್ನ ಸಹಿಯ ಕಾಗದ ಒಂದು ಕಚೇರಿಯ ಕಡತದಲ್ಲಿ ಕೂತಿರುವುದನ್ನು ನಾನು ಸಹಿಸಲಾರೆ. ಪತ್ರಿಕೆಯಲ್ಲಿ ತಪ್ಪಾದರೆ ಮರುದಿನ ಒಂದು ಮೂಲೆಯಲ್ಲಿ ತಿದ್ದುಪಡಿ ಹಾಕುತ್ತೇವೆ, ಓದಿದವರು ಓದುತ್ತಾರೆ, ಮುಗಿಯಿತು. ಒಂದು ತಿದ್ದುಪಡಿಗೆ ಇಪ್ಪತ್ತಾರು ಮನೆಗಳ ಅನ್ನ ಅಂಟಿಕೊಂಡಿದ್ದು ನನಗೆ ಅದೇ ಮೊದಲು. ಎರಡು ದಿನ ತಡೆದೆ. ಮೂರನೆಯ ದಿನ ಹೋದೆ.

ಬೈಂದೂರಿನವರು ತಿದ್ದಿದ ನಕ್ಷೆಯನ್ನು ನೋಡಿ ಪೆನ್ನಿನ ಮುಚ್ಚಳ ಹಾಕಿದರು. ಹಾಗಾದರೆ ಇದರ ಆಕಾರ ಏನು ಅಂತ ಬರೆಯೋಣ ಸಾರ್ ಎಂದು ಕೇಳಿದರು. ಗುಪ್ಪೆ ಎಂದೆ. ಗುಪ್ಪೆ ಎಂದರೆ ಕಲ್ಲೇ ಎಂದು ಕೇಳಿದರು. ಇರಬಹುದು, ಗೊತ್ತಿಲ್ಲ ಎಂದೆ. ಕಲ್ಲಾದರೆ ತಡೆಗೋಡೆಯ ಕೆಲಸಕ್ಕೆ ಸೇರಿದ್ದು, ಅದು ನಮ್ಮ ಇಲಾಖೆಗೆ ಬರುವುದಿಲ್ಲ. ಬೋಟು ಎಂದು ಖಾತ್ರಿಯಾದರೆ ಬನ್ನಿ. ಅರ್ಜಿಯನ್ನು ಟ್ಯಾಗಿನಿಂದ ಬಿಚ್ಚಿ ನನ್ನ ಕೈಗೆ ಕೊಟ್ಟರು. ಕುಂದಾಪುರದ ಇನ್ನೊಂದು ಕಚೇರಿಯಲ್ಲಿ, ಗೋಡೆ ಕಟ್ಟಿದ ಮೇಲೆ ಕಲ್ಲು ಜಾರಿದ ಬಗ್ಗೆ ತಮ್ಮಲ್ಲಿ ದಾಖಲೆ ಇಲ್ಲ, ನೀವು ಜಾರಿದ ಕಲ್ಲಿನ ಅಳತೆ ಮತ್ತು ಆಕಾರ ಕೊಟ್ಟರೆ ಪರಿಶೀಲಿಸಬಹುದು ಎಂದರು. ಅಲ್ಲಿನ ನಮೂನೆಯಲ್ಲಿ ಅದು ನಾಲ್ಕನೆಯ ಕಾಲಂ.

ಸುದ್ದಿ ನನಗಿಂತ ಮುಂಚೆ ತೀರ ತಲುಪಿತ್ತು. ಮರಳಿ ಬಂದಿದ್ದ ಇಬ್ಬರು ಪುನಃ ಗಂಗೊಳ್ಳಿಗೆ ಹೋದರು. ಭಾವ ಎಂಟು ದಿನ ನನ್ನೊಂದಿಗೆ ಮಾತಾಡಲಿಲ್ಲ. ಅಕ್ಕ ಫೋನಿನಲ್ಲಿ ಬೇರೆ ಎಲ್ಲ ವಿಷಯ ಹೇಳಿದಳು. ಇಡುವ ಮುಂಚೆ ಮಾತ್ರ, "ಪೇಪರಿನವ್ರ್ ಸತ್ಯ ಹೇಳುಕೆ ಬೇರೆ ವಾರ ಸಿಕ್ಕಲಿಲ್ಯಾ ತಮ್ಮ?" ಎಂದಳು.

ಒಂಬತ್ತನೆಯ ದಿನ ಭಾವನೇ ಫೋನ್ ಮಾಡಿದ. ಕುಶಲ ಕೇಳಲಿಲ್ಲ. "ಆಯ್ತಾರ ಬತ್ರ್ಯಾ? ಪುಸ್ತ್ಕ ತಕಂಡ್ ಬನ್ನಿ," ಎಂದ. ಯಾವ ಕಚೇರಿಗೆ ಎಂದು ಕೇಳಿದೆ. "ಕಚೇರಿಗಲ್ಲ. ನಂಗೆ."

ಆ ಭಾನುವಾರ ಅಲೆ ದೊಡ್ಡದಿತ್ತು, ದೋಣಿ ದಾಟಲಿಲ್ಲ. ಮಂಗಳವಾರ ಹೋದೆವು, ಚೌಕಟ್ಟಿನ ಹಗ್ಗ ಸೆಳೆತಕ್ಕೆ ಬಿಲ್ಲಿನ ಹಾಗೆ ಬಗ್ಗಿತು, ಬಿಚ್ಚಿ ತಂದೆವು. ಗುರುವಾರ ನಾಲ್ಕು ಸಾಲು ಆದ ಮೇಲೆ ಗುಂಡು ಎಲ್ಲೋ ಸಂದಿಯಲ್ಲಿ ಸಿಕ್ಕಿ ಹಗ್ಗ ತುಂಡಾಯಿತು. ಹೊಸ ಗುಂಡು ಎರಕ ಹೊಯ್ಸಿ ತರಲು ಎರಡು ದಿನ. ಇಷ್ಟೆಲ್ಲ ಆಗಿಯೂ ಭಾವ ಗುಂಡಿನ ಹಗ್ಗವನ್ನು ಬೇರೆ ಯಾರ ಕೈಗೂ ಕೊಡಲಿಲ್ಲ. ಬಟ್ಟೆ ಕಟ್ಟೋಣವೇ ಎಂದು ಮತ್ತೆ ಕೇಳಿದೆ. ಬೇಡ ಎಂದ. ಇನ್ನು ಬೇಕಾದದ್ದು ಬಲೆಗೆ ಹೊಂದುವ ಅಳತೆ, ಬಲೆ ನೇಯ್ದದ್ದೂ ತನ್ನ ಮಾರಿನಲ್ಲೇ ಎಂದ. ಅಂಗೈ ವಾಸಿಯಾಗಿತ್ತು, ಆದರೆ ನೂರು ಸಲ ಎಳೆದ ಮೇಲೆ ಭುಜ ಎತ್ತಲು ಆಗುತ್ತಿರಲಿಲ್ಲ. ಕೊನೆಯ ಸಾಲಿಗೆ ಬರುವಾಗ ಪ್ರತಿ ಮಾರಿನ ನಡುವೆ ನಿಲ್ಲುತ್ತಿದ್ದ. ನೂರಾ ಹನ್ನೆರಡನೆಯ ಗಂಟು ಮುಗಿದದ್ದು ಹಬ್ಬದ ನೀರು ತುಂಬುವ ದಿನ ಬೆಳಿಗ್ಗೆ.

ಅಂಕಿಗಳನ್ನು ಅವನ ಮಾರಿನಲ್ಲೇ ಬಿಟ್ಟು ನಕ್ಷೆ ಬರೆದುಕೊಟ್ಟೆ. ಅದು ಏನು ಎಂದು ಅವನು ಕೇಳಲಿಲ್ಲ. ಎಷ್ಟು ಅಗಲ, ಎಲ್ಲಿ ಎಷ್ಟು ಎತ್ತರ ಎಂದು ಮಾತ್ರ ಕೇಳಿದ. ಬಡಗಿಗೆ ಅದು ಹೊಯಿಗೆಯಿಂದ ಮೊಳದಷ್ಟೂ ಎದ್ದಿಲ್ಲ. ನಡುವೆ ಮೂರು ಮೊಳ. ತೆಂಕಣದಲ್ಲಿ ಒಮ್ಮೆಲೇ ಕೆಳಗೆ ಇಳಿಯುತ್ತದೆ. ಅವನು ಹೇಳಿಕೊಂಡದ್ದು ಇಷ್ಟು: ಅದರ ಮೇಲೆ ಹಾದುಬರುವ ಬಲೆಯ ತುಂಡಿನಲ್ಲಿ ಕೆಳಗಿನ ಭಾರ ಬಿಚ್ಚಿ, ಎಷ್ಟು ಏಳಬೇಕೋ ಅಷ್ಟಕ್ಕೆ ಬೆಂಡು ಕಟ್ಟಿದರೆ ಬಲೆ ದಾಟುತ್ತದೆ. ತುಂಡು ಚಿಕ್ಕದಾದರೆ ಮತ್ತೆ ಹರಿಯುತ್ತದೆ, ದೊಡ್ಡದಾದರೆ ಮೀನೆಲ್ಲ ಅಡಿಯಿಂದ ಹೋಗುತ್ತದೆ. ಅದಕ್ಕೇ ಅಳತೆ.

ಹಬ್ಬದ ದಿನ ತಂಡ ಸೇರಿತು. ಹನ್ನೆರಡು ಜನ ಹೋಗುತ್ತೇವೆ ಎಂದರು. ಅವರಲ್ಲಿ ಎತ್ತರದವನೂ ಇದ್ದ. ನನ್ನ ಹತ್ತಿರ ಬಂದು, ತಪ್ಪು ತನ್ನ ಕೈಯದ್ದಲ್ಲ ಅಲ್ಲವೇ ಸಾಬ್ ಎಂದು ಕೇಳಿದ. ಅಲ್ಲ, ನನ್ನ ಪುಸ್ತಕದ್ದು ಎಂದೆ. ಉಳಿದವರು ಹದಿನಾಲ್ಕು ಜನ. ಇಡೀ ಬಲೆ ಎಳೆಯಲು ಅಷ್ಟು ಜನ ಸಾಲುವುದಿಲ್ಲ, ಎರಡೂ ತುದಿಯಲ್ಲಿ ಒಂದೊಂದು ತುಂಡು ಬಿಚ್ಚಿ ಬಲೆ ಚಿಕ್ಕದು ಮಾಡಿದರು.

ಎರಡು ದಿನ ಬಿಟ್ಟು ಬಲೆ ಬಿಟ್ಟರು. ಜನ ಕಡಿಮೆಯೆಂದು ನಾನೂ ಹಗ್ಗ ಹಿಡಿದೆ. ಟವರ್ ಮತ್ತು ಟ್ಯಾಂಕಿ ಒಂದೇ ಸಾಲಿಗೆ ಬರುವ ಜಾಗಕ್ಕೆ ಬಲೆ ಬಂದಾಗ ಹಗ್ಗ ಒಮ್ಮೆ ಬಿಗಿಯಿತು, ಎಲ್ಲರೂ ನಿಂತೆವು. ಭಾವ ಮುಂದೆ ಹೋಗಿ ಹಗ್ಗವನ್ನು ಎರಡು ಸಲ ಮೆಲ್ಲಗೆ ಕುಕ್ಕಿ ನೋಡಿದ. ಎಳೆಯಿರಿ ಎಂದು ಕೈ ಮಾಡಿದ. ಹಗ್ಗ ಸಡಿಲಾಯಿತು, ಬಲೆ ಬಂತು.

ಅಕ್ಕ ಬುಟ್ಟಿ ಹಿಡಿದು ದಡಕ್ಕೆ ಬಂದಿದ್ದಳು.

"ಅದ್ ಎಂತ ಅಂತ ಗೊತ್ತಾಯ್ತಾ?" ಎಂದು ನನ್ನನ್ನು ಕೇಳಿದಳು.

ಇಲ್ಲ ಎಂದೆ.

"ಬಲಿ ಹರಿತಾ?"

ಇಲ್ಲ ಎಂದೆ.

"ಮೀನ್?"

ಮೀನು ಒಂದೂವರೆ ಬುಟ್ಟಿ. ಹಿಂದೆ ಒಂದು ಎಳೆತಕ್ಕೆ ಬರುತ್ತಿದ್ದುದರ ಕಾಲು ಭಾಗವೂ ಅಲ್ಲ. ಬೆಂಡು ಕಟ್ಟಿದ ತುಂಡಿನ ಅಡಿಯಿಂದ ಎಷ್ಟು ಹೋಯಿತೋ ಯಾರಿಗೂ ಕಂಡಿಲ್ಲ. ಅಕ್ಕ ಬಗ್ಗಿ ನೋಡಿದಳು. ತನ್ನ ಪಾಲಿನದನ್ನು ಬುಟ್ಟಿಗೆ ತುಂಬಿ, ಬಸ್ಸಿಗೆ ಹೊತ್ತಾಯಿತೆಂದು ತಲೆಗೆ ಎತ್ತಿಸಿಕೊಂಡು ಹೊರಟಳು. ಭಾವ ಬೆಂಡಿನ ತುಂಡಿನ ಹತ್ತಿರ ಕುಕ್ಕರಗಾಲಿನಲ್ಲಿ ಕೂತು, ನೋಯುವ ಭುಜದಿಂದಲೇ ಕೈ ಚಾಚಿ, ಎರಡು ಬೆಂಡು ಕಡಿಮೆ ಮಾಡಿದರೆ ಹೇಗೆ ಎಂದು ಅಳೆಯುತ್ತಿದ್ದ.